ನಂದಿತಾಳ ಶಾಲೆಗೆ ತನಿಖೆ ಬಂದಾಗ

ಅಮೆರಿಕಕ್ಕೆ ಹೋಗಿಬಂದವರನ್ನು ನಮ್ಮ ಶ್ರೀಗಂಧದ ಕಾವಲಿನ ಬೀದಿಯಲ್ಲಿ ಎಲ್ಲರೂ ಮೊದಲು ಕೇಳುವುದು ಜಲಪಾತದ ಬಗ್ಗೆ. ನಾನು ಜಲಪಾತ ನೋಡಲಿಲ್ಲ. ಸಮುದ್ರದ ದಡದಲ್ಲಿ ದೀಪ ಹಿಡಿದು ನಿಂತ ಪ್ರತಿಮೆಯನ್ನೂ ನೋಡಲಿಲ್ಲ. ನೋಡಿ ಬಂದದ್ದು ಒಂದು ಸಣ್ಣ ಊರಿನ ಶಾಲೆಯನ್ನು, ಆ ಶಾಲೆಯ ಮೇಲೆ ನಡೆದ ಒಂದು ತನಿಖೆಯನ್ನು. ಇದನ್ನು ಹೇಳಿದರೆ ಎದುರು ಮನೆಯಾಕೆ ಕನಿಕರದಿಂದ ನೋಡುತ್ತಾರೆ. "ಅಷ್ಟು ದೂರ ಹೋಗಿ ಮತ್ತೆ ಸ್ಕೂಲಿಗೇ ಹೋದ್ರಾ ಮೇಡಂ?" ಅನ್ನುತ್ತಾರೆ.

ಏನು ಮಾಡುವುದು, ಹುಟ್ಟುಗುಣ. ನಾನು ಸರ್ಕಾರಿ ಶಾಲೆಯ ಟೀಚರ್ ಆಗಿದ್ದವಳು. ನಿವೃತ್ತಿಗೆ ಮುಂಚಿನ ಕೆಲವು ವರ್ಷ ವಿಶೇಷ ಅಗತ್ಯದ ಮಕ್ಕಳಿಗೆ ಪಾಠ ಹೇಳಿಕೊಡಲು ಮಾಗಡಿ ರಸ್ತೆಯ ಆಚೀಚೆಯ ಶಾಲೆಗಳನ್ನೆಲ್ಲ ಬಸ್ಸಿನಲ್ಲಿ ಸುತ್ತಿದ್ದೇನೆ. ನನ್ನ ತಂಗಿ ಗಿರಿಜಾ ಅಮೆರಿಕದ ಆ ಊರಿನ ಆಸ್ಪತ್ರೆಯಲ್ಲಿ ನರ್ಸು. ಅವಳ ಮಗಳು ನಂದಿತಾಗೆ ಒಂಬತ್ತು ವರ್ಷ. ಮಾತು ಬಹಳ ಕಡಿಮೆ, ಬರುವ ಮಾತೂ ತಡವಾಗಿ ಬರುತ್ತದೆ. "ಅಕ್ಕಾ, ಒಂದಷ್ಟು ತಿಂಗಳು ಬಂದು ಇದ್ದು ಹೋಗೇ" ಎಂದು ಗಿರಿಜಾ ಕರೆದಳು. ಕೋಡುಬಳೆ, ಚಟ್ನಿಪುಡಿ, ಜೋಳದ ಹಿಟ್ಟು ಕಟ್ಟಿಕೊಂಡು ಚಳಿಗಾಲದ ಕೊನೆಗೆ ಹೊರಟೆ.

ತಂಗಿಯ ಮನೆ

ಆ ಊರಿನಲ್ಲಿ ನನಗೆ ಮೊದಲು ಕಂಡದ್ದು ಜನರೇ ಇಲ್ಲದಿರುವುದು. ಮನೆಗಳಿವೆ, ಮನೆಯ ಮುಂದೆ ಕಾರುಗಳಿವೆ, ಮರಗಳಿವೆ. ಮನುಷ್ಯರು ಎಲ್ಲಿದ್ದಾರೆ ಎಂದು ಕಿಟಕಿಯಲ್ಲಿ ನಿಂತು ಹುಡುಕುತ್ತಿದ್ದೆ. ವಿಜಯನಗರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಗಳಿಗೆ ನಿಂತರೆ ಮೈಮೇಲೆ ಬೀಳುವಷ್ಟು ಜನ ಆ ಊರಿಡೀ ಇದ್ದಂತೆ ಕಾಣಲಿಲ್ಲ.

ಜನ ಕಂಡದ್ದು ಬೆಳಿಗ್ಗೆ, ಹಳದಿ ಶಾಲಾ ಬಸ್ಸು ಬಂದಾಗ. ಬಸ್ಸು ನಿಂತು, ಪಕ್ಕದಿಂದ ಕೆಂಪು ಫಲಕವೊಂದು ಕೈಯಂತೆ ಚಾಚಿಕೊಂಡಿತು. ರಸ್ತೆಯ ಎರಡೂ ಕಡೆ ಬರುತ್ತಿದ್ದ ಕಾರು, ಲಾರಿ ಎಲ್ಲವೂ ನಿಂತವು. ಯಾರೂ ಹಾರ್ನ್ ಮಾಡಲಿಲ್ಲ. ನಂದಿತಾ ಮೆಟ್ಟಿಲ ಹತ್ತಿರ ನಿಂತು ಹತ್ತಲೋ ಬೇಡವೋ ಎಂದು ಯೋಚಿಸಿದಳು, ಹತ್ತಿ ಇಳಿದಳು, ಮತ್ತೆ ಹತ್ತಿದಳು. ಅಷ್ಟು ಹೊತ್ತೂ ಅಷ್ಟು ವಾಹನಗಳೂ ಕಾದವು. ನಮ್ಮ ಸುಂಕದಕಟ್ಟೆಯ ಸರ್ಕಲ್ಲಿನಲ್ಲಿ ಆಂಬುಲೆನ್ಸಿಗೂ ಹೀಗೆ ಕಾಯುವುದಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಚಳಿಗೆ ಎಂದು ತಂಗಿಗೆ ಸುಳ್ಳು ಹೇಳಿದೆ.

"ಇಂಥ ಊರಲ್ಲಿ ನಿನಗೇನು ಕಷ್ಟವೇ?" ಎಂದೆ.

ಗಿರಿಜಾ ಕಾಫಿ ಲೋಟ ಕೆಳಗಿಟ್ಟಳು. "ಅಕ್ಕಾ, ಬೈಬೇಡ. ಸ್ಕೂಲ್ ಮೇಲೆ ಕಂಪ್ಲೇಂಟ್ ಕೊಟ್ಟಿದೀನಿ."

ವಿಷಯ ಹೀಗಿತ್ತು. ಅಲ್ಲಿ ಇಂಥ ಪ್ರತಿ ಮಗುವಿಗೂ ಶಾಲೆಯವರು, ತಂದೆತಾಯಿ ಸೇರಿ ಒಂದು ಯೋಜನೆ ಮಾಡುತ್ತಾರೆ. ಮಗುವಿಗೆ ಏನು ಸಹಾಯ, ಎಷ್ಟು ಹೊತ್ತು, ಯಾರಿಂದ ಎಂದು ಅದರಲ್ಲಿ ಇರುತ್ತದೆ. ಅದರಲ್ಲಿದ್ದದ್ದನ್ನು ಕೊಡಲೇಬೇಕು, ಕಾನೂನು. ನಂದಿತಾಗೆ ವಾರಕ್ಕೆ ಎರಡು ದಿನ ಸ್ಪೀಚ್ ಥೆರಪಿ. ಎಲೆ ಉದುರುವ ಕಾಲಕ್ಕೆ ಥೆರಪಿಸ್ಟ್ ಕೆಲಸ ಬಿಟ್ಟು ಬೇರೆ ಊರಿಗೆ ಹೋದರಂತೆ. ಆ ಜಾಗಕ್ಕೆ ಯಾರೂ ಬರಲಿಲ್ಲ. ಮೊದಲು "ನೀರು ಬೇಕು" ಎನ್ನುತ್ತಿದ್ದ ಮಗು ಈಗ ಬರೀ "ನೀರು" ಅನ್ನುತ್ತಿತ್ತು, ಆಮೇಲೆ ಅದನ್ನೂ ಬಿಟ್ಟು ಕೈ ಕಚ್ಚಿಕೊಳ್ಳತೊಡಗಿತು. ಗಿರಿಜಾ ಶಾಲೆಗೆ ಹೋಗಿ ಹೋಗಿ ಕೇಳಿದಳು. ಹುಡುಕುತ್ತಿದ್ದೇವೆ ಎಂಬ ಉತ್ತರ ಬಿಟ್ಟರೆ ಬೇರೆ ಬರಲಿಲ್ಲ. ಕೊನೆಗೆ ಆ ರಾಜ್ಯದ ಶಿಕ್ಷಣ ಇಲಾಖೆಗೆ ದೂರು ಬರೆದಳು.

ನಾನು ಬೈದೇಬಿಟ್ಟೆ. "ಮಗೂನ ಅದೇ ಸ್ಕೂಲಲ್ಲಿ ಬಿಟ್ಟು ಅದೇ ಸ್ಕೂಲ್ ಮೇಲೆ ಕಂಪ್ಲೇಂಟಾ? ನಾಳೆ ಅವರು ಇವಳನ್ನ ಹೇಗ್ ನೋಡ್ತಾರೆ ಅಂತ ಯೋಚ್ನೆ ಮಾಡಿದ್ಯಾ? ನಿನಗೆ ಬುದ್ಧಿ ಎಲ್ಲಿತ್ತೇ?"

"ಮಾತು ಹೋಗ್ತಾ ಇದೆ ಅಕ್ಕಾ. ಬಂದಿದ್ದ ಮಾತು ಹೋಗ್ತಾ ಇದೆ. ಇನ್ನೇನ್ ಮಾಡ್ಲಿ ಹೇಳು?"

ಬೈಯುವುದನ್ನು ಅಲ್ಲಿಗೆ ನಿಲ್ಲಿಸಿದೆ. ಆದರೂ ಮನಸ್ಸಿನೊಳಗೆ ಒಂದು ತೀರ್ಮಾನ ಮಾಡಿಕೊಂಡೆ, ಶಾಲೆಯ ಜೊತೆ ಕೆಟ್ಟಿರುವ ಸಂಬಂಧವನ್ನು ನಾನು ಸರಿಮಾಡುತ್ತೇನೆ ಎಂದು.

ತರಕಾರಿ ಅಂಗಡಿ

ಅದೇ ವಾರ ಒಂದು ತಮಾಷೆ ಆಯಿತು. ನಾನು ದಿನಾ ಸ್ನಾನವಾದ ಮೇಲೆ ಲಿಂಗಪೂಜೆ ಮಾಡಿ ಹಣೆಗೆ ವಿಭೂತಿ ಹಚ್ಚುವವಳು. ಅಲ್ಲಿ ಅದನ್ನು ಎಲ್ಲರೂ ನೋಡುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಒಂದು ಬುಧವಾರ ಅಂಗಡಿಗೆ ಹೋದರೆ ದುಡ್ಡು ಕೊಡುವ ಸಾಲಿನಲ್ಲಿ ನನ್ನ ಮುಂದಿದ್ದ ಮುದುಕಿಯ ಹಣೆಯ ಮೇಲೂ ಬೂದಿ. ನನ್ನ ಹಿಂದಿದ್ದ ಗಂಡಸಿನ ಹಣೆಯ ಮೇಲೂ ಬೂದಿ. ನಾನು ಬೆಚ್ಚಿಬಿದ್ದೆ. ಮುದುಕಿ ನನ್ನ ಹಣೆ ನೋಡಿ ನಕ್ಕು, "ನೀವೂ ಬೆಳಗ್ಗೆಯೇ ಮುಗಿಸಿಬಿಟ್ಟಿರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ನಾನು ದಿನಾ ಬೆಳಗ್ಗೆಯೇ" ಎಂದೆ. ಅವಳು ನನ್ನನ್ನು ಬಹಳ ದೊಡ್ಡ ಭಕ್ತೆ ಎಂದುಕೊಂಡು ಕೈ ಹಿಡಿದುಕೊಂಡಳು. ಅದು ಕ್ರೈಸ್ತರು ವರ್ಷಕ್ಕೊಮ್ಮೆ ಬೂದಿ ಹಚ್ಚಿಕೊಳ್ಳುವ ದಿನ ಎಂದು ಮನೆಗೆ ಬಂದ ಮೇಲೆ ಗಿರಿಜಾ ಹೇಳಿದಳು. ಆ ಊರಿನಲ್ಲಿ ನನಗೆ ಸಿಕ್ಕ ಮೊದಲ ಗೆಳತಿ ಆ ಮುದುಕಿ. ಆಮೇಲೂ ಅಂಗಡಿಯಲ್ಲಿ ಕಂಡಾಗೆಲ್ಲ ಕೈ ಬೀಸುತ್ತಿದ್ದಳು.

ಶಾಲೆಯ ಬಾಗಿಲು

ಶಾಲೆಯ ಬಾಗಿಲು ಸದಾ ಬೀಗ. ಗುಂಡಿ ಒತ್ತಿ, ಗೋಡೆಯಲ್ಲಿರುವ ಮೈಕಿಗೆ ಯಾರು ಏನು ಎಂದು ಹೇಳಬೇಕು. ನಮ್ಮಲ್ಲಿ ಶಾಲೆಯ ಗೇಟಿನೊಳಗೆ ಹಸುವೂ ಬರುತ್ತದೆ, ಸೊಪ್ಪಿನವಳೂ ಬರುತ್ತಾಳೆ. ನಾನು ಗೋಡೆಗೆ ನಮಸ್ಕಾರ ಮಾಡಿ, ನಂದಿತಾಳ ದೊಡ್ಡಮ್ಮ ಎಂದು ಪರಿಚಯ ಹೇಳಿಕೊಂಡೆ. ಬಾಗಿಲು ಗುರ್ರ್ ಎಂದು ತೆರೆಯಿತು. ಒಳಗೆ ಕಾಲಿಡುವಾಗ ಅಭ್ಯಾಸಬಲದಿಂದ ಬೂಟು ಬಿಚ್ಚಿ ಬದಿಗಿಟ್ಟೆ. ಆಫೀಸಿನ ಹೆಂಗಸು ಓಡಿಬಂದು ಕಾಲಿಗೇನಾದರೂ ಪೆಟ್ಟಾಯಿತೇ ಎಂದು ಕೇಳಿದಳು.

ನಂದಿತಾಳ ಟೀಚರ್ ಹೆಸರು ಹ್ಯಾನಾ. ಮೂವತ್ತು ದಾಟಿರಲಿಕ್ಕಿಲ್ಲ. ಮಕ್ಕಳ ಮಧ್ಯೆ ನೆಲದ ಮೇಲೆ ಕೂತಿದ್ದಳು. ಕೋಡುಬಳೆಯ ಡಬ್ಬಿ ಕೊಟ್ಟು, ಅಲ್ಲೇ ನನ್ನ ಕೆಲಸದ ಬಗ್ಗೆ ಹೇಳಿ, ನಾನಿರುವಷ್ಟು ದಿನ ಮಗುವಿನ ಜೊತೆ ಕೂತು ಮಾತು ಕಲಿಸಬಹುದೇ ಎಂದು ಕೇಳಿದೆ. ಹ್ಯಾನಾ ಪ್ರಿನ್ಸಿಪಾಲರನ್ನು ಕರೆದಳು. ಎತ್ತರದ, ನಗುಮುಖದ ಗಂಡಸು. ಬಹಳ ಸಂತೋಷ ಎಂದರು. ನನ್ನ ಮೇಲೆ ಏನಾದರೂ ಪೊಲೀಸ್ ಕೇಸು ಇದೆಯೇ ಎಂದು ಪರಿಶೀಲಿಸಿ, ಇಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ಬಿಟ್ಟರು. ಅಷ್ಟು ವರ್ಷ ಸರ್ಕಾರಿ ಕೆಲಸ ಮಾಡಿದವಳಿಗೆ ಮೊದಲ ಸಲ ಒಂದು ಶಾಲೆ ನೀನು ಕಳ್ಳಿಯಲ್ಲ ಎಂದು ಹೇಳಿತು.

ಆಮೇಲಿನ ದಿನಗಳು ನನಗೆ ಹಬ್ಬ. ಮಂಗಳವಾರ, ಗುರುವಾರ ಲೈಬ್ರರಿಯ ಮೂಲೆಯಲ್ಲಿ ನಾನು ಮತ್ತು ನಂದಿತಾ. ಕನ್ನಡಿ ಹಿಡಿದು ತುಟಿ ತೋರಿಸುವುದು, ಊದುವುದು, ಅವಳಿಗೆ ಬೇಕಾದ ಬೊಂಬೆಯನ್ನು ಕೈಗೆ ಸಿಗದ ಕಡೆ ಇಟ್ಟು ಕೇಳುವ ತನಕ ಕಾಯುವುದು. ಒಂದು ದಿನ ನನ್ನ ಸೆರಗು ಜಗ್ಗಿ "ಬಾ" ಎಂದಳು. ಕನ್ನಡದ "ಬಾ". ಮನೆಗೆ ಬಂದು ಗಿರಿಜಾಗೆ ಹೇಳಿದೆ. ಅವಳು ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೂತುಬಿಟ್ಟಳು.

"ಅಕ್ಕಾ, ಇವತ್ತು ಪ್ರಿನ್ಸಿಪಾಲ್ ಫೋನ್ ಮಾಡಿದ್ರು. ನಿಮ್ಮ ಅಕ್ಕ ಬಂದ್ಮೇಲೆ ಮಗೂಗೆ ಬೇಕಾದ್ದು ಸಿಗ್ತಾ ಇದೆಯಲ್ಲ, ಕಂಪ್ಲೇಂಟ್ ವಾಪಸ್ ತಗೊಳೋ ಬಗ್ಗೆ ಯೋಚ್ನೆ ಮಾಡ್ತೀರಾ ಅಂತ ಕೇಳಿದ್ರು."

"ಒಳ್ಳೇದೇ ಆಯ್ತಲ್ಲ" ಎಂದೆ, ಪೂರ್ತಿ ಯೋಚಿಸದೆ.

"ಏನ್ ಒಳ್ಳೇದು? ಮಳೆಗಾಲಕ್ಕೆ ಮುಂಚೆ ನೀನು ಊರಿಗೆ ಹೊರಟುಬಿಡ್ತೀಯ. ನಾನು ಆಗ ಯಾರನ್ನ ಕೇಳ್ಲಿ? ಹೋದ ತಿಂಗಳುಗಳ ಥೆರಪಿ ಯಾರು ವಾಪಸ್ ಕೊಡ್ತಾರೆ?" ಅವಳು ನನ್ನ ಮೇಲೆ ಕೋಪ ಮಾಡಿಕೊಂಡಿರಲಿಲ್ಲ. ಅದೇ ನನಗೆ ಕಷ್ಟವಾಯಿತು. "ತನಿಖೆಗೆ ಅಂತ ಒಬ್ರು ಮುಂದಿನ ವಾರ ಬರ್ತಾರೆ. ನಿನ್ನನ್ನೂ ಮಾತಾಡಿಸ್ತಾರಂತೆ. ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳು."

"ನಾನೇನು ಸುಳ್ಳು ಹೇಳೋಳಾ?" ಎಂದು ಸಿಡುಕಿದೆ.

ಲೈಬ್ರರಿ

ನಮ್ಮಲ್ಲಿ ಶಾಲೆಗೆ ತಪಾಸಣೆ ಎಂದರೆ ನನಗೆ ಮೊದಲು ನೆನಪಾಗುವುದು ಎಳನೀರು. ಹಿಂದಿನ ದಿನವೇ ಹೇಳಿಟ್ಟಿರಬೇಕು. ಅಂಗಳಕ್ಕೆ ನೀರು, ರಂಗೋಲಿ. ಚುರುಕು ಹುಡುಗರು ಮುಂದಿನ ಬೆಂಚಿಗೆ. ನಂದಿತಾಳಂಥ ಮಕ್ಕಳ ಮನೆಗೆ, ನಾಳೆ ಒಂದು ದಿನ ಕಳಿಸಬೇಡಿ ಎಂದು ಹೇಳಿಕಳಿಸುವ ಶಾಲೆಗಳನ್ನು ನಾನು ಕಂಡಿದ್ದೇನೆ. ಸಾಹೇಬರು ಬಂದು, ಒಂದು ಮಗ್ಗಿ ಕೇಳಿ, ಊಟ ಮಾಡಿ, ಶಾಲು ಹೊದಿಸಿಕೊಂಡು ಹೋಗುತ್ತಾರೆ. ಬಂದವರನ್ನು ಸಂತೋಷಪಡಿಸಿ ಕಳಿಸುವುದು ನಮ್ಮ ಮಟ್ಟಿಗೆ ತಪಾಸಣೆ.

ಇಲ್ಲಿ ಬಂದವಳು ಲಿಂಡಾ ಎಂಬ ನಡುವಯಸ್ಸಿನ ಹೆಂಗಸು. ತಾನೇ ಕಾರು ಓಡಿಸಿಕೊಂಡು, ಊಟದ ಡಬ್ಬಿ, ನೀರಿನ ಬಾಟಲಿ ತಾನೇ ಹಿಡಿದುಕೊಂಡು ಬಂದಳು. ಯಾರೂ ಬಾಗಿಲಿಗೆ ಹೋಗಿ ಎದುರುಗೊಳ್ಳಲಿಲ್ಲ. ಅವಳೂ ಗೋಡೆಗೆ ಹೆಸರು ಹೇಳಿ ಒಳಗೆ ಬಂದಳು. ನಾನು ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದೆ. ವಾಸನೆ ಬಹಳ ಚೆನ್ನಾಗಿದೆ, ಆದರೆ ತನಿಖೆಗೆ ಬಂದಾಗ ಯಾರದ್ದೂ ಏನೂ ತೆಗೆದುಕೊಳ್ಳುವಂತಿಲ್ಲ ಎಂದಳು. ನನಗೆ ಸ್ವಲ್ಪ ಅವಮಾನವಾಯಿತು. ಕಾಫಿ ಬೇಡ ಎಂದವರ ಜೊತೆ ಮಾತು ಹೇಗೆ ಶುರುಮಾಡುವುದು ನಮಗೆ ಗೊತ್ತಿಲ್ಲ.

ಬೆಳಗ್ಗೆಯೆಲ್ಲ ಅವಳು ತರಗತಿಯ ಹಿಂದೆ ಸಣ್ಣ ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಮಡಿಚಿಕೊಂಡು ಕೂತು ನೋಡಿದಳು. ಪ್ರಿನ್ಸಿಪಾಲರನ್ನು ಬೇರೆ, ಹ್ಯಾನಾಳನ್ನು ಬೇರೆ ಮಾತಾಡಿಸಿದಳು. ಆಮೇಲೆ ಗಿರಿಜಾ ಮತ್ತು ನಾನು. ಲೈಬ್ರರಿಯ ಅದೇ ಮೂಲೆ. ಗಾಜಿನ ಗೋಡೆಯಾಚೆ ಹ್ಯಾನಾ ಬಗ್ಗಿ ಯಾವುದೋ ಮಗುವಿನ ಬೂಟಿನ ದಾರ ಕಟ್ಟುತ್ತಿದ್ದಳು.

"ನಂದಿತಾಗೆ ಶಾಲೆಯಲ್ಲಿ ಹೇಗೆ ನಡೆಯುತ್ತಿದೆ?" ಎಂದು ಲಿಂಡಾ ಕೇಳಿದಳು.

ಗಿರಿಜಾ ಬಾಯಿ ತೆರೆಯುವ ಮುಂಚೆ ನಾನು ಹೇಳಿಬಿಟ್ಟಿದ್ದೆ. "ಎಲ್ಲ ಚೆನ್ನಾಗಿದೆ. ಟೀಚರ್ ತುಂಬ ಒಳ್ಳೆಯವರು. ಸ್ವಂತ ಮಗುವಿನ ಹಾಗೆ ನೋಡಿಕೊಳ್ಳುತ್ತಾರೆ. ನಮಗೆ ಏನೂ ತೊಂದರೆ ಇಲ್ಲ."

ಮೇಜಿನ ಕೆಳಗೆ ಗಿರಿಜಾ ನನ್ನ ತೊಡೆ ಚಿವುಟಿದಳು. ಚಿಕ್ಕವಳಿದ್ದಾಗ ರಾಜಾಜಿನಗರದ ಮನೆಯಲ್ಲಿ ನೆಂಟರ ಮುಂದೆ ನಾನು ಅವಳನ್ನು ಹೀಗೆ ಚಿವುಟುತ್ತಿದ್ದೆ. ಲಿಂಡಾ ನಾನು ಹೇಳಿದ್ದನ್ನು ಬರೆದುಕೊಂಡಳು. ಬರೆದದ್ದು ದಾಖಲೆಯಾಗುತ್ತದೆ ಎಂದು ನನಗೆ ಆಗ ಹೊಳೆಯಿತು. ನಾನು ಸುಳ್ಳು ಹೇಳಬೇಕೆಂದು ಹೇಳಿರಲಿಲ್ಲ. ಹೊರಗಿನವರು ಕೇಳಿದರೆ ಶಾಲೆಯ ಬಗ್ಗೆ ನಾವು ಹಾಗೆಯೇ ಹೇಳುವುದು. ಆರೋಗ್ಯ ಹೇಗಿದೆ ಎಂದರೆ ಜ್ವರ ಬಂದು ಮಲಗಿದವರೂ ಚೆನ್ನಾಗಿದ್ದೇನೆ ಎನ್ನುವುದಿಲ್ಲವೇ, ಹಾಗೆ.

"ಟೀಚರ್ ಒಳ್ಳೆಯವರು, ನಾನೂ ಕಂಡೆ" ಎಂದಳು ಲಿಂಡಾ. "ನಾನು ಬಂದಿರುವುದು ಯಾರು ಒಳ್ಳೆಯವರು ಎಂದು ನೋಡಲಿಕ್ಕಲ್ಲ. ಮಂಗಳವಾರ ಈ ಹೊತ್ತಿಗೆ ನಂದಿತಾ ಎಲ್ಲಿರುತ್ತಾಳೆ?"

"ಇಲ್ಲೇ. ನನ್ನ ಜೊತೆ."

"ನೀವು ಈ ದೇಶಕ್ಕೆ ಬರುವ ಮುಂಚೆ?"

ಗಿರಿಜಾ ಹೇಳಿದಳು, "ತರಗತಿಯಲ್ಲೇ. ಕಿವಿಗೆ ಹೆಡ್‌ಫೋನು ಹಾಕಿ ಕೈಗೆ ಟ್ಯಾಬ್ಲೆಟ್ ಕೊಡುತ್ತಿದ್ದರು."

ಲಿಂಡಾ ನನ್ನ ಕಡೆ ತಿರುಗಿದಳು. "ನೀವು ವಾಪಸ್ ಹೋದ ಮೇಲೆ, ಮಂಗಳವಾರ ಅವಳ ಜೊತೆ ಯಾರಿರುತ್ತಾರೆ?"

ಅವಳ ದನಿಯಲ್ಲಿ ಜೋರಿರಲಿಲ್ಲ. ದಾರಿ ಕೇಳುವವರಂತೆ ಕೇಳಿದಳು. ನಾನು ಗಾಜಿನಾಚೆ ನೋಡಿದೆ. ಹ್ಯಾನಾ ಈಗ ಇನ್ನೊಂದು ಮಗುವಿನ ಮೂಗು ಒರೆಸುತ್ತಿದ್ದಳು. ನಾನು ಹೇಳುವ ಮಾತಿನಿಂದ ಆ ಹುಡುಗಿಗೆ ಏನಾಗುತ್ತದೋ, ನಮ್ಮಲ್ಲಾಗಿದ್ದರೆ ಎಲ್ಲಿಗೆ ವರ್ಗವೋ, ಯಾರ ಬಾಯಲ್ಲಿ ಬೈಗುಳವೋ. ನಾನು ಕೊಟ್ಟ ಕೋಡುಬಳೆಯ ಡಬ್ಬಿಯನ್ನು ಅವಳು ತೊಳೆದು, ಒಳಗೆ ಚಾಕೊಲೇಟು ತುಂಬಿ ವಾಪಸ್ ಕೊಟ್ಟಿದ್ದಳು. ಖಾಲಿ ಡಬ್ಬಿ ಕೊಡಬಾರದೆಂದು ಅವಳಿಗೆ ಯಾರು ಹೇಳಿಕೊಟ್ಟರೋ. ಅಂಥವಳ ಮೇಲೆ ಹೇಗೆ ಹೇಳುವುದು?

ಪಕ್ಕದಲ್ಲಿ ನನ್ನ ತಂಗಿ ಈ ಸಲ ಚಿವುಟಲಿಲ್ಲ.

"ಯಾರೂ ಇರುವುದಿಲ್ಲ" ಎಂದೆ. ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು. "ಎಲ್ಲ ಚೆನ್ನಾಗಿದೆ ಅಂದೆನಲ್ಲ, ಅದು ಸರಿಯಲ್ಲ. ಟೀಚರ್ ಒಳ್ಳೆಯವರು ಎಂಬುದಷ್ಟೇ ಸರಿ. ನಾನು ಸ್ಪೀಚ್ ಥೆರಪಿಸ್ಟ್ ಅಲ್ಲ, ನನ್ನನ್ನು ಶಾಲೆ ಕರೆಸಲಿಲ್ಲ. ನಾನು ಮಗುವಿನ ದೊಡ್ಡಮ್ಮ. ಇದ್ದು ಹೋಗಲು ಬಂದವಳು. ಥೆರಪಿಗೆ ಅಂತ ಯಾರೂ ಬಂದಿಲ್ಲ. ಎಲೆ ಉದುರಿದ ಕಾಲದಿಂದ ಯಾರೂ ಬಂದಿಲ್ಲ."

ಲಿಂಡಾ ಅದನ್ನೂ ಬರೆದುಕೊಂಡಳು. ಮೊದಲಿನದನ್ನು ಬರೆದಷ್ಟೇ ನಿಧಾನವಾಗಿ. ಆಮೇಲೆ ಇನ್ನೂ ಬಹಳ ಕೇಳಿದಳು, ಮಗು ಏನೇನು ಮಾತಾಡುತ್ತಿತ್ತು, ಈಗ ಏನು, ಕೈ ಕಚ್ಚುವುದು ಯಾವಾಗ ಶುರುವಾಯಿತು. ಒಂದು ಸಲವೂ ತಪ್ಪು ಯಾರದು ಎಂದು ಕೇಳಲಿಲ್ಲ. ಮಧ್ಯಾಹ್ನ ಅವಳು ಕಾರಿನಲ್ಲಿ ಒಬ್ಬಳೇ ಕೂತು ತನ್ನ ಡಬ್ಬಿಯ ಊಟ ಮಾಡುವುದು ಕಿಟಕಿಯಿಂದ ಕಂಡಿತು. ನಮ್ಮ ಕಡೆ ಹಾಗೆ ಬಿಟ್ಟರೆ ಮಹಾಪರಾಧ.

ಸಂಜೆ ಹ್ಯಾನಾಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಅವಳೇ ಬಾಗಿಲ ತನಕ ಬಂದಳು. "ನಾನೂ ಇದ್ದದ್ದೇ ಹೇಳಿದೆ" ಎಂದಳು. "ಥೆರಪಿಸ್ಟ್ ಬೇಕು ಎಂದು ನಾನೂ ಕೇಳುತ್ತಲೇ ಇದ್ದೆ. ಟೀಚರ್ ಕೇಳಿದರೆ ಆಗದ್ದು ತಾಯಿ ದೂರು ಕೊಟ್ಟರೆ ಆಗುತ್ತದೆ." ನಾನು ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳಿಗೆ ಬೇಕಿದ್ದದ್ದು ಅದಲ್ಲ. ಪ್ರಿನ್ಸಿಪಾಲರ ನಗು ಮಾತ್ರ ಅವತ್ತಿನಿಂದ ಸ್ವಲ್ಪ ತೆಳುವಾಯಿತು. ಅವರೂ ಮನುಷ್ಯರೇ.

ಹೊರಡುವ ಮುಂಚೆ

ಮರಗಳು ಚಿಗುರಿದ ಮೇಲೆ ಇಲಾಖೆಯ ತೀರ್ಮಾನ ಬಂತು. ಯೋಜನೆಯಲ್ಲಿದ್ದ ಥೆರಪಿಯನ್ನು ಶಾಲೆ ಕೊಟ್ಟಿಲ್ಲ. ಹೊರಗಿನಿಂದಾದರೂ ಸರಿ, ಥೆರಪಿಸ್ಟರನ್ನು ಕರೆತರಬೇಕು. ತಪ್ಪಿಹೋದ ಗಂಟೆಗಳನ್ನು ಬೇಸಿಗೆ ರಜೆಯಲ್ಲೂ ಸೇರಿಸಿ ತುಂಬಿಕೊಡಬೇಕು. ಹಾಗೆ ಬಿಟ್ಟುಹೋದ ಮಕ್ಕಳು ಬೇರೆ ಯಾರಿದ್ದಾರೆ ಎಂದು ಶಾಲೆ ತಾನೇ ನೋಡಬೇಕು. ಗಿರಿಜಾ ಅದನ್ನು ಓದಿ ಹೇಳುತ್ತಾ ಒಂದು ಸಾಲಿಗೆ ಬಂದು ತಡೆದಳು. ನಾನು ಮಗುವಿನ ಜೊತೆ ಕೂತ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದೂ ಇತ್ತು. ಮನೆಯವರು ಪ್ರೀತಿಯಿಂದ ಮಾಡಿದ್ದನ್ನು ಶಾಲೆ ತನ್ನದೆಂದು ತೋರಿಸಬಾರದು.

ಸಂತೋಷವಾಯಿತು. ಎಲ್ಲೋ ಸ್ವಲ್ಪ ಬೇಸರವೂ ಆಯಿತು. ಅಷ್ಟು ಮಾಡಿದೆನಲ್ಲ, "ಬಾ" ಹೇಳಿಸಿದೆನಲ್ಲ ಎಂದು.

ಮಂಗಳವಾರ ಎಂದಿನಂತೆ ಹೋದೆ. ಲೈಬ್ರರಿಯ ಮೂಲೆಯಲ್ಲಿ ಹೊಸ ಥೆರಪಿಸ್ಟ್, ಗಿಡ್ಡ ಕೂದಲಿನ ಹುಡುಗಿ, ನಂದಿತಾಳ ಎದುರು ಕೂತು ಸೋಪಿನ ಗುಳ್ಳೆ ಊದುತ್ತಿದ್ದಳು. ಆಫೀಸಿನ ಹೆಂಗಸು ನನ್ನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದಳು, "ನೀವಿನ್ನು ಮನೆಗೆ ಹೋಗಬಹುದು. ಇದು ನಮ್ಮ ಕೆಲಸ." ನಂದಿತಾ ಗುಳ್ಳೆಯನ್ನು ನೋಡುತ್ತಿದ್ದಳು, ನನ್ನ ಕಡೆ ತಿರುಗಲಿಲ್ಲ. ಶಾಲೆಯಿಂದ ಮನೆಗೆ ನಡೆದೇ ಬಂದೆ. ಆ ಖಾಲಿ ರಸ್ತೆಯಲ್ಲಿ ಅಳುವುದಕ್ಕೆ ಒಂದು ಅನುಕೂಲ, ಯಾರೂ ನೋಡುವುದಿಲ್ಲ.

ಸುಂಕದಕಟ್ಟೆ

ಊರಿಗೆ ಬಂದು ನಿದ್ದೆ ಸರಿಹೋಗುವ ಮುಂಚೆಯೇ ಶಾಲೆಗೆ ಹೋದೆ. ಸುಂಕದಕಟ್ಟೆಯ ಹತ್ತಿರದ ಆ ಶಾಲೆಯ ಹೆಸರು ಬೇಡ. ನಿವೃತ್ತಿಯಾದ ಮೇಲೂ ವಾರಕ್ಕೊಮ್ಮೆ ಹೋಗಿ ಮಕ್ಕಳ ಜೊತೆ ಕೂರುತ್ತೇನೆ. ಅಲ್ಲಿ ತರಗತಿಯ ಹೊರಗೆ, ಕಾರಿಡಾರಿನ ಕಟ್ಟೆಯ ಮೇಲೆ ದೇವಮ್ಮ ಕೂತಿದ್ದಳು. ರಾಯಚೂರಿನ ಕಡೆಯವಳು, ಗಂಡ ಗಾರೆ ಕೆಲಸ. ಮಗಳಿಗೆ ನಡೆಯಲಾಗುವುದಿಲ್ಲ. ಪ್ರಾರ್ಥನೆಯಿಂದ ಕೊನೆಯ ಗಂಟೆಯ ತನಕ ಆ ತಾಯಿ ಅಲ್ಲೇ ಕೂತಿರುತ್ತಾಳೆ, ಮಗಳನ್ನು ಶೌಚಾಲಯಕ್ಕೆ ಎತ್ತಿಕೊಂಡು ಹೋಗಲು. ಇಂಥ ತಾಯಂದಿರನ್ನು ನಾವು ಸಭೆಯಲ್ಲಿ ಹೊಗಳುತ್ತೇವೆ. ತ್ಯಾಗಮಯಿ ಎನ್ನುತ್ತೇವೆ. ಹೊಗಳಿ, ಕಟ್ಟೆಯ ಮೇಲೆಯೇ ಬಿಟ್ಟು ಹೋಗುತ್ತೇವೆ.

ಅವಳ ಪಕ್ಕ ಕೂತೆ. "ದೇವಮ್ಮ, ನೀನು ಇಲ್ಲಿ ಕೂರಬೇಕಾಗಿಲ್ಲ ಕಣಮ್ಮ. ಮಗೂನ ನೋಡ್ಕೊಳೋಕೆ ಜನ ಕೊಡೋದು ಸ್ಕೂಲಿನ ಕೆಲಸ. ನೀನು ಮನೆಗೆ ಹೋಗ್ಬಹುದು."

ದೇವಮ್ಮ ನನಗೇನೋ ಆಗಿದೆ ಎಂಬಂತೆ ನೋಡಿದಳು. "ಎದ್ದ್ ಹೋದ್ರ, ಹುಡುಗೀನೂ ಕರ್ಕೊಂಡ್ ಹೋಗ್ ಅಂತಾರ್ರಿ ಮೇಡಂ."

"ಹಾಗಂತ ಅಂದಿದಾರಾ?"

ಅವಳು ತರಗತಿಯ ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನನ್ನು. "ಎಲ್ಲಾರೂ ಭಾಳ ಛಲೋ ಅದಾರ್ರಿ. ನಂಗೇನ್ ತ್ರಾಸಿಲ್ರಿ" ಎಂದಳು.

ನಾನು ಎದ್ದು ಹೋಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಛಲೋ ಇರ್ಲಿ ಬಿಡು" ಎಂದೆ. "ನಿನಗೆ ಜ್ವರ ಬಂದು ಮಲಗಿದ ದಿನ, ಅವರಪ್ಪ ತಂದು ಬಿಟ್ಟು ಹೋದ್ಮೇಲೆ ಅವಳನ್ನ ಯಾರು ಎತ್ಕೊಂಡ್ ಹೋದ್ರು?"

ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ದೇವಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, ದನಿ ತಗ್ಗಿಸಿ, ಹೇಳಿದಳು. "ಯಾರೂ ಇಲ್ರಿ ಮೇಡಂ. ಅವತ್ತ ಸಂಜೀತನ ಅಕಿ ಹಸಿ ಬಟ್ಟ್ಯಾಗ ಕುಂತಿದ್ಳು."